ಇಲಿಗೆ ಎಲೆಕ್ಟ್ರಾನಿಕ್ ಬೋನು ಕೊಳ್ಳಬೇಕಾ? ಯಾವ ಮನೆಗೆ ಯಾವುದು ಸರಿ

ಮನೆಯಲ್ಲಿ ಇಲಿ ಕಂಡ ಮಾರನೇ ದಿನ ಅಂಗಡಿಗೆ ಹೋಗಿ ನೋಡಿ. ಅಂಟಿನ ಹಲಗೆ, ಇಲಿ ಕೇಕು, ಪೇಸ್ಟು, ಸ್ಪ್ರಿಂಗ್ ಬೋನು, ತಂತಿ ಬೋನು ಎಲ್ಲ ಸಿಗುತ್ತವೆ. ಆನ್‌ಲೈನ್‌ನಲ್ಲಿ ಹುಡುಕಿದರೆ ಇನ್ನೆರಡು ಸೇರಿಕೊಳ್ಳುತ್ತವೆ. ಒಂದು, ಪ್ಲಗ್ಗಿಗೆ ಹಾಕುವ ‘ಇಲಿ ಓಡಿಸುವ’ ಯಂತ್ರ. ಇನ್ನೊಂದು, ಬ್ಯಾಟರಿಯಲ್ಲಿ ನಡೆಯುವ ಎಲೆಕ್ಟ್ರಾನಿಕ್ ಬೋನು. ಈ ಕೊನೆಯದರ ಬೆಲೆ ಉಳಿದವಕ್ಕಿಂತ ಬಹಳ ಜಾಸ್ತಿ. ಒಂದನ್ನು ಕೊಳ್ಳುವ ದುಡ್ಡಿಗೆ ಸ್ಪ್ರಿಂಗ್ ಬೋನು ಹತ್ತಾರು ಬರುತ್ತವೆ. ಅಷ್ಟು ಖರ್ಚು ಮಾಡಬಹುದಾ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬಂದಿರುವುದು ಚಿಕ್ಕ ಇಲಿ, ಸಂಖ್ಯೆ ಒಂದೆರಡು, ಬೋನು ಇಡುವ ಜಾಗ ಒಣಗಿದ್ದು, ಮನೆಯಲ್ಲಿ ಮಕ್ಕಳಿದ್ದಾರೆ ಅಥವಾ ಸತ್ತ ಇಲಿಯನ್ನು ಮುಟ್ಟಲು ಯಾರಿಗೂ ಮನಸ್ಸಿಲ್ಲ ಎಂದಾದರೆ ಧಾರಾಳವಾಗಿ ಕೊಳ್ಳಿ. ಹೆಗ್ಗಣಕ್ಕೆ, ಹೆಂಚಿನ ಮನೆಯ ಅಟ್ಟಕ್ಕೆ, ಕೊಟ್ಟಿಗೆಗೆ, ನೀರು ಬೀಳುವ ಹಿತ್ತಲಿಗೆ ಅದು ಆಗುವುದಿಲ್ಲ. ಅಲ್ಲಿಗೆ ಹಳೆಯ ಬೋನುಗಳೇ ಮೇಲು. ಯಾಕೆ ಅಂತ ಒಂದೊಂದಾಗಿ ನೋಡೋಣ.

ಮೊದಲು, ಬಂದಿರುವುದು ಯಾವ ಇಲಿ?

ಇದು ಗೊತ್ತಾಗದೆ ಏನನ್ನೂ ಕೊಳ್ಳಬೇಡಿ. ಅರ್ಧ ದುಡ್ಡು ಹಾಳಾಗುವುದು ಇಲ್ಲೇ.

ನಮ್ಮ ಮನೆಗಳಿಗೆ ಬರುವವು ಮುಖ್ಯವಾಗಿ ಮೂರು. ಚಿಕ್ಕ ಇಲಿ ಹನ್ನೆರಡರಿಂದ ಇಪ್ಪತ್ತೈದು ಗ್ರಾಂ ತೂಗುತ್ತದೆ, ಅಷ್ಟೇ. ಹಿಕ್ಕೆ ಜೀರಿಗೆ ಕಾಳಿನಷ್ಟು, ತುದಿ ಚೂಪು. ಎರಡನೆಯದು ಅಟ್ಟದ ದೊಡ್ಡ ಇಲಿ. ನೂರು, ಇನ್ನೂರು ಗ್ರಾಂ ತೂಗುತ್ತದೆ, ಬಾಲ ಮೈಗಿಂತ ಉದ್ದ, ತೊಲೆ, ಪೈಪು, ತೆಂಗಿನ ಮರ ಎಲ್ಲ ಹತ್ತುತ್ತದೆ. ಇದರ ಹಿಕ್ಕೆ ಒಂದು ಸೆಂಟಿಮೀಟರಿಗೂ ಸ್ವಲ್ಪ ಜಾಸ್ತಿ ಉದ್ದ ಇರುತ್ತದೆ. ಮೂರನೆಯದು ಹೆಗ್ಗಣ. ಮೋರಿಯಿಂದ, ಚರಂಡಿಯಿಂದ ಬರುತ್ತದೆ, ನೆಲ ತೋಡಿ ಮಣ್ಣು ಗುಡ್ಡೆ ಹಾಕುತ್ತದೆ.

ನಾಲ್ಕನೆಯದೊಂದಿದೆ, ಅದು ಇಲಿಯೇ ಅಲ್ಲ: ಮೂಗಿಲಿ. ಉದ್ದ ಮೂತಿ, ಪುಟ್ಟ ಕಣ್ಣು, ಕೆಟ್ಟ ವಾಸನೆ. ಕಿಚಕಿಚ ಎನ್ನುತ್ತಾ ಗೋಡೆ ಬದಿಯಲ್ಲೇ ಓಡುತ್ತದೆ. ಇದು ತಿನ್ನುವುದು ಜಿರಲೆ, ಹುಳ, ಹುಪ್ಪಟೆ. ಬಟ್ಟೆ, ವೈರು ಕಡಿಯುವುದಿಲ್ಲ. ದಯವಿಟ್ಟು ಇದನ್ನು ಕೊಲ್ಲಬೇಡಿ. ಬಾಗಿಲು ತೆರೆದಿಟ್ಟು ಹೊರಗೆ ಓಡಿಸಿದರೆ ಸಾಕು.

ಸ್ವಭಾವದಲ್ಲೂ ವ್ಯತ್ಯಾಸ ಇದೆ. ಚಿಕ್ಕ ಇಲಿಗೆ ಕುತೂಹಲ ಜಾಸ್ತಿ. ಹೊಸ ವಸ್ತು ಕಂಡರೆ ಬಂದು ಮೂಸಿ ನೋಡುತ್ತದೆ. ಹಾಗಾಗಿ ಸರಿಯಾದ ಜಾಗದಲ್ಲಿಟ್ಟ ಬೋನಿಗೆ ಮೊದಲ ರಾತ್ರಿಯೇ ಬೀಳಬಹುದು. ದೊಡ್ಡ ಇಲಿಗೆ, ಹೆಗ್ಗಣಕ್ಕೆ ಅನುಮಾನ ಜಾಸ್ತಿ. ನಿನ್ನೆ ಇಲ್ಲದ ಡಬ್ಬ ಇವತ್ತು ಬಂದಿದೆ ಎಂದರೆ ದಿನಗಟ್ಟಲೆ ಸುತ್ತು ಹಾಕಿಕೊಂಡು ಹೋಗುತ್ತವೆ. ಎಲೆಕ್ಟ್ರಾನಿಕ್ ಬೋನು ಚಿಕ್ಕ ಇಲಿಗೆ ಅಷ್ಟು ಚೆನ್ನಾಗಿ ಒಗ್ಗುವುದಕ್ಕೆ ಇದೂ ಕಾರಣ. ಅದು ಕತ್ತಲೆಯ ಪುಟ್ಟ ಸುರಂಗ. ಇಲಿಗೆ ಇಷ್ಟವಾಗುವ ಜಾಗವೇ.

ಎಲೆಕ್ಟ್ರಾನಿಕ್ ಬೋನಿನ ಒಳಗೆ ಏನಿದೆ

ಒಂದು ಪ್ಲಾಸ್ಟಿಕ್ ಡಬ್ಬ. ಒಂದು ಕಡೆ ಬಾಯಿ, ಇನ್ನೊಂದು ತುದಿಯಲ್ಲಿ ತಿಂಡಿ ಇಡುವ ಜಾಗ. ನಡುವೆ ನೆಲದಲ್ಲಿ ಲೋಹದ ತಗಡುಗಳು. ಇಲಿ ಒಳಗೆ ನಡೆದು ಎರಡು ತಗಡಿನ ಮೇಲೆ ಒಟ್ಟಿಗೆ ಕಾಲಿಟ್ಟಾಗ ಅದರ ಮೈ ಮೂಲಕ ಸರ್ಕ್ಯೂಟ್ ಕೂಡಿಕೊಳ್ಳುತ್ತದೆ. ಒಳಗಿನ ಸರ್ಕ್ಯೂಟು ಬ್ಯಾಟರಿಯ ಆರು ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸಿ ಹೊಡೆಯುತ್ತದೆ. ಇಲಿ ಕೆಲವೇ ಸೆಕೆಂಡಿನಲ್ಲಿ ಸಾಯುತ್ತದೆ. ಆಮೇಲೆ ಒಂದು ಪುಟ್ಟ ದೀಪ ಮಿನುಗುತ್ತದೆ. ಡಬ್ಬವನ್ನು ಕವರಿನ ಮೇಲೆ ಬಗ್ಗಿಸಿದರೆ ಇಲಿ ಜಾರಿ ಬೀಳುತ್ತದೆ. ರಕ್ತ ಇಲ್ಲ, ಮುಟ್ಟುವ ಕೆಲಸ ಇಲ್ಲ.

ನನಗೆ ಇದರಲ್ಲಿ ಹಿಡಿಸುವುದು ಆ ಕೆಲವೇ ಸೆಕೆಂಡು. ಕೊಲ್ಲಲೇಬೇಕು ಎಂದಾದ ಮೇಲೆ ನರಳಿಸದೆ ಕೊಲ್ಲುವುದು ನಮ್ಮ ಜವಾಬ್ದಾರಿ. ಆ ಲೆಕ್ಕದಲ್ಲಿ ಎಲೆಕ್ಟ್ರಾನಿಕ್ ಬೋನು ಮತ್ತು ಗಟ್ಟಿ ಸ್ಪ್ರಿಂಗಿನ ಬೋನು ಎರಡೂ ಮುಂದಿವೆ. ಉಳಿದವು ಬಹಳ ಹಿಂದೆ.

ಇನ್ನು ಬ್ಯಾಟರಿ. ಚಿಕ್ಕ ಇಲಿಯ ಮಾದರಿಗಳಿಗೆ ಸಾಮಾನ್ಯವಾಗಿ ನಾಲ್ಕು ಎಎ ಬ್ಯಾಟರಿ ಬೇಕು. ಅಮೆರಿಕದ ವಿಕ್ಟರ್ ಕಂಪನಿ ತನ್ನ ಬೋನಿಗೆ ಒಂದು ಸೆಟ್ಟಿನಲ್ಲಿ ನೂರು ಇಲಿಯವರೆಗೆ ಎಂದು ಹೇಳಿಕೊಳ್ಳುತ್ತದೆ. ಒಂದು ಮನೆಗೆ ಅದರ ಕಾಲು ಭಾಗ ಬಂದರೂ ಸಾಕಲ್ವಾ? ಆದರೆ ಹಾಕುವುದು ಆಲ್ಕಲೈನ್ ಬ್ಯಾಟರಿಯಾಗಿರಲಿ. ರೀಚಾರ್ಜ್ ಮಾಡುವ ಬ್ಯಾಟರಿ ಒಂದೊಂದು ಒಂದೂವರೆ ವೋಲ್ಟಿನ ಬದಲು 1.2 ವೋಲ್ಟನ್ನಷ್ಟೇ ಕೊಡುತ್ತದೆ. ನಾಲ್ಕು ಸೇರಿದರೆ ಆರರ ಬದಲು 4.8. ಹೊಡೆತ ಮೆತ್ತಗಾದರೆ ಇಲಿ ಸಾಯದೆ ಬೆದರಿ ಓಡುತ್ತದೆ. ಮತ್ತೆ ಆ ಡಬ್ಬದ ಹತ್ತಿರ ಸುಳಿಯುವುದಿಲ್ಲ.

ತೇವ ಇದರ ದೊಡ್ಡ ಶತ್ರು. ಸಿಂಕಿನ ಕೆಳಗೆ ಪೈಪು ಸೋರುತ್ತಿದ್ದರೆ, ಬಚ್ಚಲ ಪಕ್ಕದಲ್ಲಿಟ್ಟರೆ, ಕರಾವಳಿಯ ಮಳೆಗಾಲದಲ್ಲಿ ಹೊರಗಿನ ಜಗಲಿಯಲ್ಲಿಟ್ಟರೆ ತಗಡು ತುಕ್ಕು ಹಿಡಿಯುತ್ತದೆ, ಸರ್ಕ್ಯೂಟು ತಪ್ಪು ಓದುತ್ತದೆ. ತಗಡಿನ ಮೇಲೆ ಕೊಳೆ ಕೂತರೂ ಹೊಡೆತ ಕಡಿಮೆಯಾಗುತ್ತದೆ. ಪ್ರತಿ ಇಲಿಯ ನಂತರ ಸ್ವಿಚ್ ಆಫ್ ಮಾಡಿ, ಬ್ಯಾಟರಿ ತೆಗೆದು, ತಗಡನ್ನು ಒರೆಸಿ ಒಣಗಿಸಬೇಕು. ಈ ಕೆಲಸ ಯಾರೂ ಮಾಡದ ಮನೆಯಲ್ಲಿ ಈ ಬೋನು ಬಹಳ ದಿನ ಬಾಳುವುದಿಲ್ಲ.

ಒಂದು ಮಾತು ಇಲ್ಲೇ ಹೇಳಲೇಬೇಕು. ‘ಕರೆಂಟಿನಿಂದ ಇಲಿ ಸಾಯುತ್ತದೆ ಅಂದಮೇಲೆ ಅಷ್ಟು ದುಡ್ಡು ಯಾಕೆ, ವೈರು ಎಳೆದರೆ ಆಯ್ತಲ್ಲ’ ಎಂದು ಮನೆಯ ಲೈನಿನಿಂದ ಬರಿ ತಂತಿ ಹಾಸುವವರಿದ್ದಾರೆ. ಇದನ್ನು ಯಾವತ್ತೂ ಮಾಡಬೇಡಿ. ಬ್ಯಾಟರಿ ಬೋನಿನಲ್ಲಿ ವೋಲ್ಟು ಜಾಸ್ತಿ ಇದ್ದರೂ ಹರಿಯುವ ಶಕ್ತಿ ಕಡಿಮೆ, ಮುಚ್ಚಳ ತೆಗೆದರೆ ತಾನೇ ಆಫ್ ಆಗುವ ವ್ಯವಸ್ಥೆ ಇರುತ್ತದೆ. ಮನೆಯ 230 ವೋಲ್ಟಿನ ಬರಿ ತಂತಿಗೆ ಅಂಥ ಯಾವ ತಡೆಯೂ ಇಲ್ಲ. ರಾತ್ರಿ ನೀರಿಗೆಂದು ಎದ್ದವರ ಜೀವ ಹೋಗುತ್ತದೆ. ಗದ್ದೆಯಲ್ಲಿ ಇಲಿಗೆ, ಹಂದಿಗೆ ಎಳೆದ ತಂತಿಗೆ ಸಿಕ್ಕಿ ಮನುಷ್ಯರು ಸತ್ತಿದ್ದಾರೆ.

ಪ್ಲಗ್ಗಿಗೆ ಹಾಕುವ ಯಂತ್ರ ಬೇರೆ, ಬೋನು ಬೇರೆ

ಇವೆರಡನ್ನೂ ‘ಎಲೆಕ್ಟ್ರಾನಿಕ್’ ಎಂದೇ ಮಾರುವುದರಿಂದ ಗೊಂದಲ ಆಗುತ್ತದೆ. ಪ್ಲಗ್ಗಿಗೆ ಹಾಕುವ ಯಂತ್ರ ನಮಗೆ ಕೇಳದ ಶಬ್ದ ಹೊರಡಿಸಿ ಇಲಿ ಓಡಿಸುತ್ತದಂತೆ. ಇದರ ಮೇಲೆ ನನಗೆ ನಂಬಿಕೆ ಇಲ್ಲ. ಆ ಶಬ್ದ ಗೋಡೆ ದಾಟುವುದಿಲ್ಲ, ಬೀರು, ಸೋಫಾ, ಪರದೆಗೆ ಬಡಿದರೆ ಅಲ್ಲೇ ಮುಗಿಯಿತು. ಶುರುವಿನಲ್ಲಿ ಬೆದರಿದ ಇಲಿಯೂ ಕೆಲವು ದಿನದಲ್ಲಿ ಅದಕ್ಕೆ ಒಗ್ಗಿಕೊಳ್ಳುತ್ತದೆ. 2001ರಲ್ಲಿ ಅಮೆರಿಕದಲ್ಲಿ ವ್ಯಾಪಾರದ ಮೋಸಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಇಂಥ ಯಂತ್ರ ತಯಾರಿಸುವ, ಮಾರುವ 60ಕ್ಕೂ ಹೆಚ್ಚು ಕಂಪನಿಗಳಿಗೆ ಎಚ್ಚರಿಕೆ ಪತ್ರ ಬರೆಯಿತು. ಇಲಿ, ಜಿರಲೆ ಓಡುತ್ತವೆ ಎನ್ನುವುದಾದರೆ ಅದಕ್ಕೆ ವೈಜ್ಞಾನಿಕ ಆಧಾರ ಬೇಕು ಎನ್ನುವುದು ಆ ಪತ್ರದ ಸಾರ. ಆ ದುಡ್ಡನ್ನು ಬಾಗಿಲ ಸಂದಿ ಮುಚ್ಚಲು ಖರ್ಚು ಮಾಡಿ.

ಅಂಟಿನ ಹಲಗೆ

ಅಗ್ಗ, ಎಲ್ಲ ಕಡೆ ಸಿಗುತ್ತದೆ, ಇಲಿ ಬೀಳುವುದೂ ನಿಜ. ಆದರೆ ಬಿದ್ದ ಇಲಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬದುಕಿರುತ್ತದೆ. ಒದ್ದಾಡಿ ಚರ್ಮ ಕಿತ್ತುಕೊಳ್ಳುತ್ತದೆ, ಹಸಿವಿನಿಂದ, ಸುಸ್ತಿನಿಂದ ಸಾಯುತ್ತದೆ. ಹಲ್ಲಿ, ಓತಿಕ್ಯಾತ, ಗುಬ್ಬಿಯೂ ಅಂಟಿಕೊಳ್ಳುತ್ತವೆ. ಜೀವಂತ ಇಲಿಯನ್ನು ಹಾಗೇ ಮಡಚಿ ಕಸಕ್ಕೆ ಹಾಕುವವರು ಎಷ್ಟೋ ಜನ. ಪೌರಕಾರ್ಮಿಕರು ಅದನ್ನು ಮುಟ್ಟಬೇಕು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಇದನ್ನು ನಿಷೇಧಿಸಿ ಎಂದು ರಾಜ್ಯಗಳಿಗೆ ಹೇಳಿದೆ. ನ್ಯೂಜಿಲೆಂಡ್ 2015ರಲ್ಲೇ ಕಡಿವಾಣ ಹಾಕಿತು, ಇಂಗ್ಲೆಂಡಿನಲ್ಲಿ 2024ರ ಜುಲೈ ಕೊನೆಯಿಂದ ಸಾಮಾನ್ಯ ಜನ ಬಳಸುವಂತಿಲ್ಲ. ಬೆಲೆ ಎಷ್ಟೇ ಕಡಿಮೆ ಇರಲಿ, ಇದನ್ನು ಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಪಾಷಾಣ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಯಾಕೆಂದರೆ ಎಲ್ಲರ ಮನೆಯಲ್ಲೂ ಮೊದಲು ನೆನಪಾಗುವುದು ಇದೇ.

ಪೇಸ್ಟಿನಲ್ಲಿ ಹೆಚ್ಚಾಗಿ ಇರುವುದು ಹಳದಿ ರಂಜಕ (ಫಾಸ್ಫರಸ್). ಕಪ್ಪು ಪುಡಿ ಎಂದರೆ ಜಿಂಕ್ ಫಾಸ್ಫೈಡ್. ಈ ಎರಡಕ್ಕೂ ಪ್ರತಿವಿಷ ಇಲ್ಲ. ಕೇಕಿನಲ್ಲಿ ಹೆಚ್ಚಾಗಿ ಇರುವುದು ಬ್ರೊಮಾಡಿಯೊಲೋನ್. ಇದು ರಕ್ತ ಹೆಪ್ಪುಗಟ್ಟದಂತೆ ಮಾಡಿ ಮೂರರಿಂದ ಏಳು ದಿನದಲ್ಲಿ ಕೊಲ್ಲುತ್ತದೆ. ಇದಕ್ಕೆ ವಿಟಮಿನ್ ಕೆ1 ಚಿಕಿತ್ಸೆ ಇದೆ.

ಬಿಸ್ಕತ್ತಿಗೆ, ಟೊಮೆಟೊ ಹೋಳಿಗೆ ಪೇಸ್ಟ್ ಸವರಿ ಮೂಲೆಯಲ್ಲಿಡುವುದು ನಮ್ಮಲ್ಲಿ ರೂಢಿ. ಅಂಬೆಗಾಲಿಡುವ ಮಗುವಿಗೆ ಆ ಮೂಲೆಯೇ ಎದುರಿಗೆ ಸಿಗುತ್ತದೆ. ಹಳದಿ ರಂಜಕದ ಮೋಸ ಇನ್ನೊಂದಿದೆ. ತಿಂದ ಮೇಲೆ ಮೊದಲು ವಾಂತಿ, ಹೊಟ್ಟೆನೋವು ಬಂದು, ಆಮೇಲೆ ಒಂದೆರಡು ದಿನ ಆರಾಮಾದಂತೆ ಕಾಣುತ್ತದೆ. ಅಷ್ಟರಲ್ಲಿ ಲಿವರ್ ಹಾಳಾಗುತ್ತಿರುತ್ತದೆ. ಯಾರಾದರೂ ತಿಂದಿರಬಹುದು ಎಂಬ ಅನುಮಾನ ಬಂದರೂ ಸಾಕು, ‘ಈಗ ಚೆನ್ನಾಗೇ ಇದ್ದಾನಲ್ಲ’ ಎಂದು ಕಾಯದೆ ಆ ಟ್ಯೂಬು ಅಥವಾ ಪೊಟ್ಟಣ ಹಿಡಿದುಕೊಂಡು ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ. ಮನಸ್ಸು ಕುಗ್ಗಿದವರು ಇರುವ ಮನೆಯಲ್ಲಂತೂ ಇಂಥ ಟ್ಯೂಬು ಇರಲೇಬಾರದು.

ಪಾಷಾಣ ತಿಂದ ಇಲಿ ಎಲ್ಲಿ ಸಾಯುತ್ತದೆ ಎನ್ನುವುದೂ ನಮ್ಮ ಕೈಯಲ್ಲಿಲ್ಲ. ಫಾಲ್ಸ್ ಸೀಲಿಂಗ್ ಮೇಲೆ, ಮಾಡ್ಯುಲರ್ ಕಿಚನ್ನಿನ ಹಿಂದೆ ಸತ್ತರೆ ವಾರಗಟ್ಟಲೆ ವಾಸನೆ. ಕೇಕು ತಿಂದು ಮಂಕಾದ ಇಲಿಯನ್ನು ಬೆಕ್ಕು ಅಥವಾ ಗೂಬೆ ಹಿಡಿದು ತಿಂದರೆ ಅವಕ್ಕೂ ವಿಷ ಏರುತ್ತದೆ. ಕಣಜದ ಗೂಬೆ ಸುಮ್ನೆ ಹಾರಾಡುವ ಹಕ್ಕಿಯಲ್ಲ, ಇಲಿಗಳನ್ನೇ ತಿಂದು ಬದುಕುವಂಥದ್ದು. ನಮ್ಮ ಕೆಲಸ ಮಾಡಿಕೊಡುವ ಹಕ್ಕಿಯನ್ನೇ ಕೊಂದಂತಾಗುತ್ತದೆ.

ಸ್ಪ್ರಿಂಗ್ ಬೋನು, ತಂತಿ ಬೋನು

ಟಪ್ ಎಂದು ಬಡಿಯುವ ಸ್ಪ್ರಿಂಗ್ ಬೋನಿಗೆ ಅಮೆರಿಕದ ವಿಲಿಯಂ ಹೂಕರ್ 1894ರಲ್ಲಿ ಪೇಟೆಂಟ್ ಪಡೆದ. ಇವತ್ತಿಗೂ ಅದರ ವಿನ್ಯಾಸ ಹೆಚ್ಚೇನೂ ಬದಲಾಗಿಲ್ಲ. ದುಡ್ಡಿನ ಲೆಕ್ಕದಲ್ಲಿ ಇದನ್ನು ಮೀರಿಸುವುದು ಇಲ್ಲ. ಎಲೆಕ್ಟ್ರಾನಿಕ್ ಬೋನು ಹೆಚ್ಚಿನವು ಒಂದು ಸಲಕ್ಕೆ ಒಂದೇ ಇಲಿ ಹಿಡಿಯುತ್ತವೆ. ಅದೇ ದುಡ್ಡಿಗೆ ಹತ್ತಾರು ಸ್ಪ್ರಿಂಗ್ ಬೋನು ತಂದು ಒಂದೇ ರಾತ್ರಿ ಇಟ್ಟರೆ ಒಂದು ಸಂಸಾರವೇ ಮುಗಿಯಬಹುದು. ಇಲಿ ಜಾಸ್ತಿ ಇದ್ದಾಗ ಈ ವೇಗ ಮುಖ್ಯ. ಹೆಣ್ಣಿಲಿಗೆ ಗರ್ಭ ಮೂರು ವಾರ, ಒಂದು ಸಲಕ್ಕೆ ಐದಾರು ಮರಿ, ಆ ಮರಿಗಳು ಆರೇಳು ವಾರದಲ್ಲಿ ತಾವೇ ಮರಿ ಹಾಕಲು ತಯಾರು. ವಾರಕ್ಕೊಂದು ಹಿಡಿಯುತ್ತಾ ಕೂತರೆ ಲೆಕ್ಕ ಮುಗಿಯುವುದೇ ಇಲ್ಲ.

ತೊಂದರೆ ಎರಡು. ಸಡಿಲ ಸ್ಪ್ರಿಂಗಿನ ಅಗ್ಗದ ಬೋನು ಇಲಿಯ ಕಾಲು ಮುರಿದು ಬಿಡುತ್ತದೆ, ಕೊಲ್ಲುವುದಿಲ್ಲ. ಅಂಗಡಿಯಲ್ಲೇ ಒಂದು ಕಡ್ಡಿ ಹಾಕಿ ಬಡಿಸಿ ನೋಡಿ ತನ್ನಿ. ಇನ್ನೊಂದು, ಬೆರಳು. ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಶೂ ಡಬ್ಬಕ್ಕೆ ಇಲಿ ಹೋಗುವಷ್ಟು ತೂತು ಮಾಡಿ ಅದರೊಳಗೆ ಬೋನು ಇಡಿ.

ತಂತಿ ಬೋನು ಕೊಲ್ಲುವುದಿಲ್ಲ. ಗಣಪನ ವಾಹನ, ಮನೆಯಲ್ಲಿ ಕೊಲ್ಲಬಾರದು ಎನ್ನುವವರು ನಮ್ಮಲ್ಲಿ ಬಹಳ ಇದ್ದಾರೆ. ಆ ಭಾವನೆಯನ್ನು ನಾನು ಗೌರವಿಸುತ್ತೇನೆ. ಅವರಿಗೆ ಇದೇ ಸರಿ. ದೊಡ್ಡ ಇಲಿಗೆ, ಹೆಗ್ಗಣಕ್ಕೆ ಕೂಡ ಇದು ಒಳ್ಳೆಯದು. ಆದರೆ ಚಿಕ್ಕ ಇಲಿ ಹಳೆಯ ತಂತಿ ಬೋನಿನ ಸಂದಿಯಲ್ಲೇ ನುಸುಳಿ, ಕೊಬ್ಬರಿ ತಿಂದು, ವಾಪಸ್ ಹೋಗುತ್ತದೆ. ಅದಕ್ಕೆ ಸಣ್ಣ ಕಣ್ಣಿನ ಜಾಲರಿ ಇರುವುದೇ ಬೇಕು. ಬಿದ್ದ ಇಲಿಯನ್ನು ಬೆಳಿಗ್ಗೆ ಎದ್ದ ಕೂಡಲೇ ನೋಡಬೇಕು. ಬಿಸಿಲಿನಲ್ಲಿ ನೀರಿಲ್ಲದೆ ಸಾಯಲು ಬಿಟ್ಟರೆ ಕೊಲ್ಲದಿರುವ ಉದ್ದೇಶಕ್ಕೆ ಅರ್ಥ ಇಲ್ಲ. ಬೀದಿ ಕೊನೆಯಲ್ಲಿ ಬಿಟ್ಟರೆ ವಾಪಸ್ ಬರಬಹುದು. ಊರಾಚೆ ರೈತರ ಹೊಲಕ್ಕೆ ಬಿಟ್ಟರೆ ಅವರಿಗೆ ಕಷ್ಟ. ಅಪರಿಚಿತ ಜಾಗದಲ್ಲಿ ಮನೆಯಿಲಿ ಬದುಕುವುದೂ ಕಷ್ಟವೇ. ಇದನ್ನು ತಿಳಿದೇ ಆರಿಸಿಕೊಳ್ಳಿ.

ಯಾವ ಮನೆಗೆ ಯಾವುದು

ಬೆಂಗಳೂರಿನ, ಹುಬ್ಬಳ್ಳಿಯ ಅಪಾರ್ಟ್‌ಮೆಂಟು. ಎಸಿ ಪೈಪಿನ ತೂತಿನಿಂದ, ಯುಟಿಲಿಟಿಯ ಬಾಗಿಲ ಸಂದಿಯಿಂದ ಒಂದು ಚಿಕ್ಕ ಇಲಿ ಬಂದಿದೆ. ಇಲ್ಲಿ ಎಲೆಕ್ಟ್ರಾನಿಕ್ ಬೋನೇ ನನ್ನ ಮೊದಲ ಆಯ್ಕೆ. ಒಂದನ್ನು ಫ್ರಿಜ್ಜಿನ ಹಿಂದೆ ಇಡಿ, ದುಡ್ಡಿದ್ದರೆ ಇನ್ನೊಂದನ್ನು ಸ್ಟೋರ್ ರೂಮಿನಲ್ಲಿ. ಅಕ್ಕಪಕ್ಕದ ಎರಡು ಮೂರು ಮನೆಯವರು ಸೇರಿ ಒಂದೇ ಕೊಂಡು ಹಂಚಿಕೊಳ್ಳಲೂಬಹುದು.

ಮಲೆನಾಡಿನ, ಕರಾವಳಿಯ ಹೆಂಚಿನ ಮನೆ. ಅಟ್ಟದಲ್ಲಿ ಅಡಿಕೆ, ತೆಂಗಿನಕಾಯಿ, ಹಳೆಯ ಸಾಮಾನು. ಅಲ್ಲಿ ಓಡಾಡುವುದು ದೊಡ್ಡ ಇಲಿ. ಚಿಕ್ಕ ಇಲಿಯ ಎಲೆಕ್ಟ್ರಾನಿಕ್ ಬೋನಿಗೆ ಅದರ ತಲೆ ಮಾತ್ರ ಹೋಗುತ್ತದೆ. ದೊಡ್ಡ ಇಲಿಗೆ ಬೇರೆ ಅಳತೆಯ ಎಲೆಕ್ಟ್ರಾನಿಕ್ ಬೋನು ಇದೆ, ಬೆಲೆ ಇನ್ನೂ ಜಾಸ್ತಿ, ತೇವದ ಕಾಟ ಬೇರೆ. ಇಲ್ಲಿ ತಂತಿ ಬೋನು ಇಡಿ. ಮೊದಲ ಕೆಲವು ರಾತ್ರಿ ಬಾಗಿಲು ಬೀಳದಂತೆ ಕಟ್ಟಿ ಒಳಗೆ ತಿಂಡಿ ಇಡುತ್ತಾ ಹೋಗಿ. ಅನುಮಾನ ಹೋಗಿ ತಿನ್ನಲು ರೂಢಿಯಾದ ಮೇಲೆ ಬೋನು ಹೂಡಿ.

ಜೋಳ, ಅಕ್ಕಿ ಮೂಟೆಗಳಿರುವ ಮನೆ ಅಥವಾ ಕಿರಾಣಿ ಅಂಗಡಿಗೆ ಸ್ಪ್ರಿಂಗ್ ಬೋನುಗಳೇ ಸರಿ, ಅದೂ ಒಂದಲ್ಲ, ಸಾಲಾಗಿ. ಮೋರಿಯ ಹೆಗ್ಗಣಕ್ಕೆ ಮೊದಲು ಜಾಲರಿ, ಆಮೇಲೆ ಬೋನು. ಅಮೆರಿಕದ ಮರದ ಮನೆಗಳಲ್ಲಿರುವ ನಮ್ಮವರಿಗೆ ಚಳಿಗಾಲ ಶುರುವಾದಾಗ ಚಿಕ್ಕ ಇಲಿಗಳ ಕಾಟ. ಅಲ್ಲಿ ಎಲೆಕ್ಟ್ರಾನಿಕ್ ಬೋನು ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ, ಬೇಸ್‌ಮೆಂಟು ಒಣಗಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ.

ಕೊಳ್ಳುವಾಗ, ಇಡುವಾಗ

ಮುಚ್ಚಳ ತೆಗೆದಾಗ ಕರೆಂಟು ತಾನೇ ನಿಲ್ಲುತ್ತದಾ ಎನ್ನುವುದನ್ನು ಮೊದಲು ನೋಡಿ. ಹಿಂಬದಿಯಿಂದ ತಿಂಡಿ ಇಡುವ ಪುಟ್ಟ ಬಾಗಿಲಿದ್ದರೆ ಅನುಕೂಲ. ದೂರದಿಂದ ಕಾಣುವ ದೀಪ ಇರಲಿ. ಮೊಬೈಲಿಗೆ ಸಂದೇಶ ಕಳಿಸುವ ಮಾದರಿಗಳೂ ಬಂದಿವೆ. ಮನೆಗೆ ಅದರ ಅಗತ್ಯ ಇಲ್ಲ. ಬೀಗ ಹಾಕಿ ವಾರಗಟ್ಟಲೆ ಬಿಟ್ಟಿರುವ ತೋಟದ ಮನೆಗಾದರೆ ಯೋಚಿಸಬಹುದು. ಯಾಕೆಂದರೆ ನಮ್ಮ ಸೆಖೆಗೆ ಸತ್ತ ಇಲಿ ಒಂದೇ ದಿನದಲ್ಲಿ ನಾರುತ್ತದೆ.

ತಿಂಡಿಗೆ ಸುಟ್ಟ ಕೊಬ್ಬರಿ ಚೂರು, ಅರೆದ ಶೇಂಗಾ ಒಳ್ಳೆಯದು. ಸ್ವಲ್ಪವೇ ಸಾಕು, ಅವರೆಕಾಳಿನಷ್ಟು. ಚಿಕ್ಕ ಇಲಿ ದಿನಕ್ಕೆ ತಿನ್ನುವುದೇ ಸುಮಾರು ಮೂರು ಗ್ರಾಂ. ಒಣಮೀನು ಬೇಡ, ಮೂಗಿಲಿ ಬರುತ್ತದೆ. ತಿಂಡಿ ತಗಡಿಗೆ ತಾಗದಂತೆ ಹಿಂದಿನ ಗೋಡೆಗೇ ಅಂಟಿಸಿ. ಇರುವೆ ಮುತ್ತಿದರೆ ತಿಂಡಿ ಬದಲಿಸಿ.

ಇಲಿ ನಡುಮನೆಯಲ್ಲಿ ಓಡುವುದಿಲ್ಲ, ಮೀಸೆ ಗೋಡೆಗೆ ತಾಗಿಸಿಕೊಂಡು ಅಂಚಿನಲ್ಲೇ ಓಡುತ್ತದೆ. ಎಲೆಕ್ಟ್ರಾನಿಕ್ ಬೋನನ್ನು ಗೋಡೆಗೆ ಒತ್ತಿ, ಅದರ ಬಾಯಿ ಇಲಿಯ ದಾರಿಗೆ ಬರುವಂತೆ ಇಡಿ. ಸ್ಪ್ರಿಂಗ್ ಬೋನಾದರೆ ಅಡ್ಡಲಾಗಿ, ತಿಂಡಿಯ ತುದಿ ಗೋಡೆಗೆ ತಾಗುವಂತೆ. ಚಿಕ್ಕ ಇಲಿ ಗೂಡಿನಿಂದ ಕೆಲವೇ ಮೀಟರ್ ದೂರ ಸುತ್ತಾಡುತ್ತದೆ. ಹಿಕ್ಕೆ ಕಂಡ ಜಾಗ ಬಿಟ್ಟು ಇನ್ನೆಲ್ಲೋ ಇಟ್ಟರೆ ಬೀಳುವುದಿಲ್ಲ. ಎರಡು ಮೂರು ರಾತ್ರಿ ಏನೂ ಬೀಳದಿದ್ದರೆ ಬೋನು ಸರಿ ಇಲ್ಲ ಅನ್ನುವ ಮೊದಲು ಜಾಗ ಬದಲಿಸಿ ನೋಡಿ.

ಹಿಕ್ಕೆಯನ್ನು ಒಣ ಪೊರಕೆಯಿಂದ ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಹತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿ ಚಿಮುಕಿಸಿ, ಐದು ನಿಮಿಷ ಬಿಟ್ಟು, ಕೈಗವಸು ಹಾಕಿಕೊಂಡು ಒರೆಸಿ. ಇಲಿ ಜ್ವರ ಹರಡುವುದು ಇಲಿಯ ಉಚ್ಚೆಯಿಂದ, ಕೈಕಾಲಿನ ಸಣ್ಣ ಗಾಯವೂ ಅದಕ್ಕೆ ದಾರಿಯಾಗುತ್ತದೆ. ಕರಾವಳಿಯಲ್ಲಿ ಮಳೆಗಾಲ ಬಂದರೆ ಇದರ ಭಯ ಎಲ್ಲರಿಗೂ ಗೊತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದು ಜನ ಸತ್ತ ಮೇಲೆಯೇ ಗಾಳಿ, ಬೆಳಕು, ಅಗಲ ರಸ್ತೆ ಇರುವ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು. ಇಲಿಯ ವಿಷಯದಲ್ಲಿ ಉದಾಸೀನ ಮಾಡಬಾರದು ಎನ್ನುವುದನ್ನು ಈ ಊರು ಬಹಳ ಕಷ್ಟಪಟ್ಟು ಕಲಿತಿದೆ.

ಇನ್ನು ತೂತು ಮುಚ್ಚುವ ಕೆಲಸ. ಇದನ್ನು ಬಿಟ್ಟರೆ ಎಷ್ಟು ಬೆಲೆಯ ಬೋನಾದರೂ ಅಷ್ಟೇ, ಒಂದು ಹೋದರೆ ಇನ್ನೊಂದು ಬರುತ್ತದೆ. ಪೆನ್ಸಿಲ್ ತೂರುವ ಸಂದಿಯಲ್ಲಿ ಚಿಕ್ಕ ಇಲಿ ತೂರುತ್ತದೆ. ಪೆನ್ಸಿಲ್ಲೊಂದನ್ನು ಹಿಡಿದು ಮನೆ ಸುತ್ತಿ: ಸಿಂಕಿನ ಪೈಪು ಗೋಡೆ ಸೇರುವ ಕಡೆ, ಗ್ಯಾಸ್ ಪೈಪಿನ ತೂತು, ವಾಷಿಂಗ್ ಮೆಷಿನ್ನಿನ ನೀರು ಹೋಗುವ ದಾರಿ, ಎಕ್ಸಾಸ್ಟ್ ಫ್ಯಾನು, ಬಾಗಿಲ ಕೆಳಗೆ. ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ತೂತಿಗೆ ತುರುಕಿ ಮೇಲೆ ಸಿಮೆಂಟ್ ಮೆತ್ತಿ. ಬರೀ ಫೋಮು, ಥರ್ಮೋಕೋಲು, ಬಟ್ಟೆ ತುರುಕಿದರೆ ಕಡಿದು ಬರುತ್ತದೆ. ಬಚ್ಚಲ ಮೋರಿಗೆ ಸ್ಟೀಲ್ ಜಾಲರಿ, ಬಾಗಿಲ ಕೆಳಗೆ ಲೋಹದ ಪಟ್ಟಿ ಹಾಕಿಸಿ. ಆದರೆ ಒಳಗಿರುವ ಇಲಿಗಳನ್ನು ಹಿಡಿಯುತ್ತಲೇ ಈ ಕೆಲಸ ನಡೆಯಲಿ. ಎಲ್ಲ ಮುಚ್ಚಿ ಬೋನು ಇಡದಿದ್ದರೆ ಇಲಿ ಒಳಗೇ ಸಿಕ್ಕಿಕೊಂಡು ಅಕ್ಕಿ ಡಬ್ಬದ ಮುಚ್ಚಳವನ್ನೇ ಕಡಿಯುತ್ತದೆ.

ಕೆಲಸ ಮುಗಿಯಿತಾ ಇಲ್ಲವಾ ಎಂದು ತಿಳಿಯಲು ರಾತ್ರಿ ಮಲಗುವ ಮೊದಲು ಗೋಡೆ ಅಂಚಿನಲ್ಲಿ ಮೈದಾ ಹಿಟ್ಟನ್ನು ತೆಳ್ಳಗೆ ಉದುರಿಸಿ. ಬೆಳಿಗ್ಗೆ ಹೆಜ್ಜೆ ಗುರುತು ಇದ್ದರೆ ಬೋನನ್ನು ಆ ಗುರುತಿನ ಮೇಲೇ ಇಡಿ. ಒಂದು ವಾರ ಹೀಗೇ ನೋಡಿ. ಗುರುತು ಇಲ್ಲದಿದ್ದರೆ ಎಲೆಕ್ಟ್ರಾನಿಕ್ ಬೋನಿನ ಬ್ಯಾಟರಿ ತೆಗೆದು, ತಗಡು ಒರೆಸಿ, ಒಣ ಜಾಗದಲ್ಲಿ ಎತ್ತಿಡಿ. ಬ್ಯಾಟರಿ ಒಳಗೇ ಬಿಟ್ಟರೆ ಸೋರಿ ಹಾಳಾಗುತ್ತದೆ.